ನೂರ ನಲವತ್ತಮೂರನೇ ಪುಟ

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ, ಹಳೇ ಪೇಪರ್ ಅಂಗಡಿಯಲ್ಲಿ
ಅದು ತಕ್ಕಡಿ ಏರುವ ಮೊದಲೇ ಕೈ ಚಾಚಿದೆ.
ಹನ್ನೆರಡು ರೂಪಾಯಿ. ರಟ್ಟಿರಲಿಲ್ಲ. ಮೊದಲ ಸಾಲಲ್ಲೇ
ಒಬ್ಬ ಹುಡುಗಿ ಲಂಗ ಗಿಡ್ಡವಾಯಿತೆಂದು ಅಳುತ್ತಿದ್ದಳು.
ನನ್ನದೂ ಆ ವರ್ಷ ಗಿಡ್ಡವಾಗಿತ್ತು.

ಶಿಡ್ಲಘಟ್ಟದ ಫಿಲೇಚರಿನಲ್ಲಿ ಆಗ ನನಗೆ ಹದಿನೇಳು.
ಬಿಸಿನೀರ ತೊಟ್ಟಿಯಲ್ಲಿ ಗೂಡು ಹೊರಳುತ್ತವೆ,
ಬೆರಳು ಬೆಂದು, ಬಿಳಿಚಿ, ಮುದುಕಿಯ ಬೆರಳಾಗುತ್ತವೆ;
ಎಳೆಯ ತುದಿ ಸಿಕ್ಕರೆ ಸಿಕ್ಕಿತು, ಇಲ್ಲವೆ ಮೇಸ್ತ್ರಿಯ ಬಾಯಿ.
ಊಟದ ಬಿಡುವಲ್ಲಿ ಮೂಟೆಗೆ ಒರಗಿ
ಒದ್ದೆ ಕೈ ಸೆರಗಿಗೆ ಒರೆಸಿ
ಒಂದೊಂದೇ ಪುಟ.

ಒಂದು ಹಾಳೆ ಮಾತ್ರ ಹರಿದುಕೊಂಡೆ.
ಅದರಲ್ಲಿ ಆ ಹುಡುಗಿ ಕತ್ತಲಾದ ಮೇಲೆ ಮನೆಗೆ ಬಂದು
ಅಮ್ಮನಿಗೆ ಮೊದಲ ಸಲ ಸುಳ್ಳು ಹೇಳುತ್ತಾಳೆ.
ಅದು ನನ್ನ ಸುಳ್ಳು. ಪದಕ್ಕೆ ಪದ.
ಇನ್ನೊಬ್ಬರ ಕಣ್ಣಿಗೆ ಬೀಳುವುದು ಬೇಡವೆನಿಸಿತು.
ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಕವರಿನೊಳಗಿಟ್ಟೆ.
ಕಾರ್ಡು ಮೂರು ಸಲ ಬದಲಾಯಿತು,
ಮಡಿಕೆ ಹಾಗೇ ಇದೆ.

ಪುಸ್ತಕವನ್ನು ಪಕ್ಕದ ತೊಟ್ಟಿಯ ಶಾಕಿರಾಗೆ ಕೊಟ್ಟೆ.
ಅವಳ ಕನ್ನಡ ಕೂಡಿಸಿ ಕೂಡಿಸಿ ಓದುವಷ್ಟು. ಹನ್ನೊಂದು ದಿನ.
'ಅಮ್ಮನಿಗೆ ಏನಂದಳೇ ಅವಳು? ಹಾಳೇನೇ ಇಲ್ಲವಲ್ಲ?'
'ನಾನು ತಂದಾಗಲೇ ಇರಲಿಲ್ಲ' ಅಂದೆ,
ತೊಟ್ಟಿಯ ನೀರು ನೋಡುತ್ತ.

ಆಮೇಲಿನದೆಲ್ಲ ಕಿವಿಗೆ ಬಿದ್ದದ್ದು.
ಶಾಕಿರಾಳಿಂದ ಅವಳ ನಾದಿನಿಗೆ,
ನಾದಿನಿಯಿಂದ ಟೊಮೇಟೊ ವಿಂಗಡಿಸುವ ಪಿಳ್ಳಮ್ಮನ ಮಗಳಿಗೆ,
ಅಲ್ಲಿಂದ ಚೇಳೂರು ಬಸ್ಸಿನ ಕಂಡಕ್ಟರ್ ದ್ಯಾವಪ್ಪನಿಗೆ.
ಹುಡುಗಿ ದೊಡ್ಡವಳಾಗುವ ಕತೆ, ಗಂಡಸಿಗೇನು ಕೆಲಸ ಎಂದು ನಕ್ಕರಂತೆ.
ನೈಟ್ ಹಾಲ್ಟಿನ ಊರಲ್ಲಿ, ಬಸ್ಸಿನೊಳಗಿನ ದೀಪದಲ್ಲಿ
ಓದಿ ಮುಗಿಸಿ ಅತ್ತನಂತೆ.
ಯಾವ ಪುಟಕ್ಕೆ ಎಂದು ಡ್ರೈವರ್ ಕೇಳಿದರೆ
ಚಿಲ್ಲರೆ ಎಣಿಸತೊಡಗಿದನಂತೆ.

ಕೊಡುವವರು ಕೈಗಿಡುವಾಗ
ಇಲ್ಲದ ಹಾಳೆಯನ್ನು ಬಾಯಲ್ಲಿ ಹೇಳಿ ಕೊಡುತ್ತಿದ್ದರಂತೆ.
ಒಬ್ಬಳ ಬಾಯಲ್ಲಿ ಅವಳು ಸಿನಿಮಾಕ್ಕೆ ಹೋಗಿದ್ದಳು,
ಇನ್ನೊಬ್ಬಳ ಬಾಯಲ್ಲಿ ಸೈಕಲ್ ಕಲಿಯಲಿಕ್ಕೆ.
ದ್ಯಾವಪ್ಪನ ಬಾಯಲ್ಲಿ ಎಲ್ಲಿಗೂ ಇಲ್ಲ,
ಸುಮ್ಮನೆ ಕೆರೆ ಏರಿಯ ಮೇಲೆ ಕೂತಿದ್ದಳು, ಅಷ್ಟೇ.

ಈಗ ಕಾಲೇಜಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ.
ಮೊನ್ನೆ ಸಂಜೆ ಕರೆಂಟು ಬಂದ ಹೊತ್ತಿಗೆ ಪಿಯುಸಿ ಹುಡುಗಿಯೊಬ್ಬಳು
ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದನ್ನು ಗಾಜಿನ ಮೇಲಿಟ್ಟಳು.
'ನಾಳೆ ಮುಂದಿನವರಿಗೆ ಕೊಡಬೇಕು ಆಂಟಿ. ಪೂರ್ತಿ ತೆಗೆದರೆ ಎಷ್ಟಾಗುತ್ತೆ?'
ತೆರೆದೆ. ಲಂಗ ಗಿಡ್ಡವಾಗಿತ್ತು.

ಕೈಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ.
ತಿರುವುತ್ತ ಹೋದೆ, ಬೆಳಕು ಬಂದು ಹೋಗಿ, ಬಂದು ಹೋಗಿ,
ನೂರ ನಲವತ್ತೆರಡು ಆದ ಮೇಲೆ
ಗೆರೆ ಎಳೆದ ನೋಟ್‌ಬುಕ್ ಹಾಳೆ,
ಕಚ್ಚಾ ರೇಷ್ಮೆ ಎಳೆಯಲ್ಲಿ ಹೊಲಿದದ್ದು:

'ಅವಳು ಬಾಯಿ ತೆಗೆಯುವ ಮೊದಲೇ ಅಮ್ಮ ತಟ್ಟೆ ಇಟ್ಟಳು.
ಮುದ್ದೆ ಆರಿದೆ, ಸಾರಾದರೂ ಬಿಸಿ ಮಾಡ್ತೀನಿ ಅಂದಳು.
ಒಲೆಯ ಕಡೆ ತಿರುಗಿಕೊಂಡು,
ನಾನೂ ಒಂದು ಸಲ ಹೀಗೇ ಬಂದಿದ್ದೆ ಅಂದಳು.'

ಕೆಳಗೆ ಬೇರೆ ಇಂಕಿನಲ್ಲಿ: ನಮ್ಮಮ್ಮ ಹಾಗನ್ನಲಿಲ್ಲ.
ಅದರ ಕೆಳಗೆ ಪೆನ್ಸಿಲಿನಲ್ಲಿ: ನಮ್ಮಮ್ಮಾನೂ.

ಮೆಷಿನ್ನು ನಿಂತಿತ್ತು. ಹುಡುಗಿ ಇಣುಕಿದಳು.
'ಇದು ಪುಸ್ತಕದ್ದೇನಾ ಆಂಟಿ, ಯಾರಾದರೂ ಬರೆದು ಸೇರಿಸಿದ್ದಾ?'

'ಪುಸ್ತಕದ್ದೇ' ಅಂದೆ.
ಗುಂಡಿ ಒತ್ತಿದೆ.
ಆ ಒಂದು ಹಾಳೆಗೆ ದುಡ್ಡು ಹಿಡಿಯಲಿಲ್ಲ.